ಮಬ್ಬುಹೂವಿನ ಸೂಪು

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದ ವಾರ್ಡಿನ ಆಯಾಗಳೂ ಹಾಗೇ ಕರೆಯುತ್ತಿದ್ದರು. ಅವಳು ಅದಕ್ಕೆ ಬೇಸರ ಪಟ್ಟುಕೊಂಡವಳಲ್ಲ. ಸೊಂಟದೆತ್ತರದ ಪಾತ್ರೆಯ ಮುಚ್ಚಳವನ್ನು ಗೇಣಷ್ಟು ಸರಿಸಿ, ಹಬೆಗೆ ಮುಖವೊಡ್ಡಿ ಒಂದೇ ಒಂದು ಉಸಿರು ಎಳೆದುಕೊಂಡರೆ ಸಾಕು, ಒಳಗೆ ಈರುಳ್ಳಿ ಇನ್ನೂ ಹಸಿಯಾಗಿದೆಯೋ, ಬೇಳೆ ತಳ ಹಿಡಿಯಲು ಹೊಂಚು ಹಾಕುತ್ತಿದೆಯೋ, ಉಪ್ಪು ಹಾಕಿದವರು ಮನಸ್ಸು ಎಲ್ಲಿಟ್ಟು ಹಾಕಿದ್ದಾರೋ ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಮೂಗೇ ಅವಳಿಗೆ ನಾಲಿಗೆ, ಮೂಗೇ ಗಡಿಯಾರ.

ಆ ಮೂಗು ಒಂದು ಜ್ವರದಲ್ಲಿ ಹೋಯಿತು. ಅಂಥ ಭಾರಿ ಜ್ವರವೇನಲ್ಲ. ಬಂತು, ಮಲಗಿಸಿತು, ಎದ್ದು ಹೋಯಿತು. ಹೋಗುವಾಗ ಮಾತ್ರ ಮನೆಯ ಸಾಮಾನು ಕಟ್ಟಿಕೊಂಡು ಹೋದ ಬಾಡಿಗೆದಾರನ ಹಾಗೆ ವಾಸನೆಯನ್ನೆಲ್ಲ ಹೊತ್ತುಕೊಂಡು ಹೋಯಿತು. ಮೊದಮೊದಲು ಮನೆಯಲ್ಲಿ ಇದು ತಮಾಷೆಯ ವಿಷಯವಾಗಿತ್ತು. ಲಿಫ್ಟ್ ರಿಪೇರಿಯ ಕೆಲಸ ಮಾಡುವ ಗಂಡ, ಇನ್ನು ಮೇಲೆ ತನ್ನ ಕಾಲುಚೀಲವನ್ನು ಎಲ್ಲಿ ಬಿಸಾಡಿದರೂ ನಡೆಯುತ್ತದೆ ಎಂದು ಖುಷಿಪಟ್ಟ. ಅವಳೂ ನಕ್ಕಳು. ಆದರೆ ಸೋಪೂ ಬ್ರೆಡ್ಡೂ ಬಾಯಿಗೂ ಮೂಗಿಗೂ ಒಂದೇ ಆದಾಗ, ಬೆಳಗಿನ ಕಾಫಿ ಬರೀ ಬಿಸಿ ನೀರಿನ ಕಹಿಯಾದಾಗ, ನಗು ತಾನಾಗಿಯೇ ಸವೆಯಿತು.

ಕೆಲಸದಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಕೈ ಅಂದಾಜಿನ ಮೇಲೆ ಕೆಲವು ದಿನ ದೂಡಿದಳು. ಕೊನೆಗೊಂದು ಬೆಳಿಗ್ಗೆ ದೊಡ್ಡ ಪಾತ್ರೆಯ ಗಂಜಿ ತಳ ಹಿಡಿದು, ಸೀದ ವಾಸನೆ ಮೆಟ್ಟಿಲು ಹತ್ತಿ ಮೇಲಿನ ವಾರ್ಡಿನವರೆಗೂ ಹೋಯಿತು. ನರ್ಸುಗಳು ಮೂಗು ಮುಚ್ಚಿಕೊಂಡು ಓಡಿ ಬಂದರೆ, ದೊಡ್ಡಕ್ಕ ಒಲೆಯ ಮುಂದೆ ನೆಮ್ಮದಿಯಾಗಿ ಗಂಜಿ ತಿರುವುತ್ತಾ ನಿಂತಿದ್ದಳು. ಯಾರೂ ಬೈಯಲಿಲ್ಲ. ಅಡುಗೆಮನೆಯ ಮೇಲ್ವಿಚಾರಕಿ ಅವಳ ಹೆಗಲ ಮೇಲೆ ಕೈಯಿಟ್ಟು, ಮೂಗು ಸರಿಹೋಗುವ ತನಕ ತರಕಾರಿ ಹೆಚ್ಚುವ ಮೇಜಿನ ಕಡೆ ಇರು ಎಂದಳು. ಬೈದಿದ್ದರೆ ಒಂದೆರಡು ದಿನ ಮುಖ ಊದಿಸಿಕೊಂಡು ಮರೆಯಬಹುದಿತ್ತು. ಆ ಮೆತ್ತಗಿನ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಅವಳ ಮೈದುನನ ಸಂಸಾರ ಅದೇ ಮನೆಯ ಮಹಡಿಯ ಮೇಲಿತ್ತು. ಓರಗಿತ್ತಿ ಒಂದು ಕಡೆ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಹಾಗಾಗಿ ಮನೆಮಂದಿಯೆಲ್ಲ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಬೆಳಗಿನ ಹೊತ್ತು ಒಂದು ಟೈಲರ್ ಅಂಗಡಿಯಲ್ಲಿ ಕಾಜಾ ಗುಂಡಿ ಹೊಲಿಯುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಆಟವಾಡುತ್ತಿದ್ದಳು. ಗಂಡ ಹಳೆಯದೊಂದನ್ನು ಕೊಟ್ಟು ಹೊಸದು ತರುತ್ತೇನೆಂದು ಹೇಳಿ, ಹಳೆಯದನ್ನೂ ಉಳಿಸಿಕೊಂಡಿದ್ದರಿಂದ ಅವರ ಕೋಣೆಯಲ್ಲಿ ಕಂಪ್ಯೂಟರುಗಳು ಎರಡಿದ್ದವು.

ಒಂದು ಮಧ್ಯಾಹ್ನ ಗುಬ್ಬಿ ಕೆಳಗಿಳಿದು ಬಂದಾಗ ದೊಡ್ಡಕ್ಕ ಗೋಡೆಗೊರಗಿ ಸುಮ್ಮನೆ ಕೂತಿದ್ದಳು. ತಮ್ಮ ಗುಂಪಿನಲ್ಲಿ ಅಡುಗೆ ಮಾಡುತ್ತಿದ್ದವರು ಆಟ ಬಿಟ್ಟುಬಿಟ್ಟರು, ಊಟವಿಲ್ಲದೆ ಎಲ್ಲರೂ ಅರ್ಧ ದಾರಿಯಲ್ಲೇ ಸಾಯುತ್ತಿದ್ದಾರೆ, ನೀನು ಬಂದರೆ ಪುಣ್ಯ ಬರುತ್ತದೆ ಎಂದು ಗುಬ್ಬಿ ಗೋಗರೆದಳು.

"ವಾಸನೆ ಬರದ ಅಡುಗೆಯವಳನ್ನ ಕಟ್ಕೊಂಡು ಏನ್ ಮಾಡ್ತೀಯ, ಸುಮ್ನಿರು," ಅಂದಳು ದೊಡ್ಡಕ್ಕ.

"ಅಲ್ಲಿ ಯಾರಿಗೂ ವಾಸನೆ ಬರಲ್ಲ ಅಕ್ಕಾ," ಅಂದಳು ಗುಬ್ಬಿ.

ದೊಡ್ಡಕ್ಕ ಎದ್ದು ಮಹಡಿ ಹತ್ತಿದಳು.

ಆ ಆಟದೊಳಗೆ ಒಂದು ದೊಡ್ಡ ದ್ವೀಪವಿತ್ತು. ಎಲ್ಲೆಲ್ಲಿಯೋ ಕೂತ ಸಾವಿರಾರು ಜನ ಒಂದೇ ಹೊತ್ತಿಗೆ ಅದರಲ್ಲಿ ಓಡಾಡುತ್ತಿದ್ದರು. ಅಲ್ಲಿಯ ಹಗಲು ಚಿಕ್ಕದು. ಒಂದು ಮಧ್ಯಾಹ್ನದೊಳಗೆ ಸೂರ್ಯ ಹಲವು ಬಾರಿ ಮುಳುಗಿ ಏಳುತ್ತಿದ್ದ. ಸರೋವರವೊಂದರ ದಡದಲ್ಲಿ ಗುಂಪಿನ ಬಿಡಾರ. ನೀರಿನ ಮೇಲೆ ಸದಾ ತೆಳು ಮಂಜು, ಮಂಜಿನಲ್ಲಿ ದೋಣಿಗಳ ದೀಪ. ದೊಡ್ಡಕ್ಕನಿಗೆ ಅಲ್ಲಿ ಸೌಟಮ್ಮ ಎಂದು ಹೆಸರಿಟ್ಟವಳು ಗುಬ್ಬಿಯೇ. ದುಂಡಗಿನ ಮುಖದ, ಹಸಿರು ಅಂಗಿ ತೊಟ್ಟ ಆ ಸೌಟಮ್ಮ ಒಲೆಯ ಮುಂದೆ ನಿಂತಿದ್ದನ್ನು ನೋಡಿ ದೊಡ್ಡಕ್ಕನಿಗೆ ಕನಸಿನಲ್ಲಿ ತನ್ನ ಬೆನ್ನನ್ನು ತಾನೇ ನೋಡಿದಂತಾಯಿತು.

ಅಡುಗೆಯ ಕ್ರಮ ಸರಳವಾಗಿತ್ತು. ಪಾತ್ರೆಗೆ ಮೊದಲು ಮುಖ್ಯ ಸಾಮಾನು ಹಾಕಬೇಕು: ಗೆಡ್ಡೆಯೋ, ಮೀನೋ, ಧಾನ್ಯವೋ. ಆಮೇಲೆ ಪಾತ್ರೆಯ ಪಕ್ಕದಲ್ಲಿ ಮೂರು ಪುಟ್ಟ ಖಾನೆಗಳು ತೆರೆದುಕೊಳ್ಳುತ್ತವೆ. ಆ ಖಾನೆಗಳಲ್ಲಿ ಇಡುವ ಪದಾರ್ಥಗಳಿಗೆ ಸೇರಿಕೆ ಎಂದು ಹೆಸರು. ಒಂದೊಂದು ಸೇರಿಕೆಗೂ ಒಂದೊಂದು ಗುಣ. ಕೆಂಡಮೆಣಸು ಹಾಕಿದರೆ ತಿಂದವರಿಗೆ ಚಳಿ ತಾಗುವುದಿಲ್ಲ. ಉಪ್ಪುಹರಳು ಗಾಯ ಮಾಯಿಸುತ್ತದೆ. ಬಂಡೆಜೇನು ಉಳಿದೆರಡರ ಗುಣ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ಮೊದಲ ವಾರ ದೊಡ್ಡಕ್ಕ ತನ್ನ ಅನುಭವವನ್ನೆಲ್ಲ ಅಲ್ಲಿ ಸುರಿದು ಚೆನ್ನಾಗಿ ಪೆಟ್ಟು ತಿಂದಳು. ಮೀನಿಗೆ ಹುಳಿಕಾಯಿ ಹೊಂದುತ್ತದೆಂದು ಹಾಕಿದರೆ, ತಿಂದವರ ಓಟ ಆಮೆಯ ನಡಿಗೆಯಾಯಿತು. ಹಾಲಿಗೆ ಉಪ್ಪುಹರಳು ಹಾಕಲು ಅವಳ ಕೈ ಏಳಲೇ ಇಲ್ಲ. ಆಟಕ್ಕೆ ಬೇಕಾಗಿದ್ದು ಮಾತ್ರ ಅದೇ. ಗುಬ್ಬಿ ಹಿಂದೆ ನಿಂತು, ಇಲ್ಲಿ ಹೊಂದುವುದು ಗಿಂದುವುದು ಏನೂ ಇಲ್ಲ, ಗುಣ ನೋಡಿ ಹಾಕು ಎಂದು ಹೇಳಿ ಹೇಳಿ ಸೋತಳು. ತಲೆ ಚಿಟ್ಟು ಹಿಡಿದರೂ ದೊಡ್ಡಕ್ಕ ಕಲಿತಳು. ಬೆಳಿಗ್ಗೆ ಕ್ಯಾರೆಟ್ ಹೆಚ್ಚುವಾಗಲೂ ಮನಸ್ಸು ಆ ಮೂರು ಖಾನೆಗಳಲ್ಲಿ ಏನೇನನ್ನೋ ಇಟ್ಟು ತೆಗೆಯುತ್ತಿತ್ತು. ಬಹಳ ದಿನಗಳ ಮೇಲೆ ಅವಳಿಗೆ ಮಧ್ಯಾಹ್ನ ಯಾವಾಗ ಆದೀತು ಅನ್ನಿಸತೊಡಗಿತ್ತು.

ಸರೋವರದ ಅಂಚಿನಲ್ಲಿ, ಮಂಜು ದಟ್ಟವಾಗಿರುವ ಕಡೆ, ಬೂದು ಬಣ್ಣದ ಸಣ್ಣ ಹೂವುಗಳು ರಾಶಿರಾಶಿಯಾಗಿ ಬೆಳೆಯುತ್ತಿದ್ದವು. ಹೆಸರು ಮಬ್ಬುಹೂವು. ಯಾರೂ ಅದನ್ನು ಕೀಳುತ್ತಿರಲಿಲ್ಲ. ಅರಿಯದೆ ಕಿತ್ತವರು ಚೀಲ ಭಾರವೆಂದು ದಾರಿಯಲ್ಲಿ ಎಸೆದುಹೋಗುತ್ತಿದ್ದರು. ದೊಡ್ಡಕ್ಕ ಒಂದನ್ನು ಎತ್ತಿ ಅದರ ವಿವರಣೆ ಓದಿದಳು. ಬೇರೆ ಸೇರಿಕೆಗಳಿಗೆಲ್ಲ ಉದ್ದುದ್ದ ವಿವರಣೆಯಿದ್ದರೆ ಇದಕ್ಕೆ ಎರಡೇ ಪದ: ರುಚಿ ಹೆಚ್ಚಿಸುತ್ತದೆ.

ಅವಳು ಅದನ್ನು ಮತ್ತೊಮ್ಮೆ ಓದಿದಳು. ಯಾರಿಗೂ ರುಚಿ ಗೊತ್ತಾಗದ ಜಾಗದಲ್ಲಿ, ರುಚಿಗೆಂದೇ ಒಂದು ಹೂವು. ಇದನ್ನು ಇಲ್ಲಿ ನೆಟ್ಟವರು ಯಾರಿರಬಹುದು, ಯಾವ ಮನಸ್ಸಿನಲ್ಲಿ ನೆಟ್ಟಿರಬಹುದು ಎಂದು ಯೋಚಿಸಿದಳು. ಆಮೇಲೆ ಸೆರಗಿನ ತುಂಬ ಮಲ್ಲಿಗೆ ಕಿತ್ತವಳ ಹಾಗೆ ಸೌಟಮ್ಮನ ಚೀಲದ ತುಂಬ ಮಬ್ಬುಹೂವು ತುಂಬಿಸಿದಳು.

ಗುಂಪಿನಲ್ಲಿ ಐದು ಜನರಿದ್ದರು. ದೊಡ್ಡಕ್ಕ, ಗುಬ್ಬಿ, ಸದಾ ಜಗಳವಾಡುವ ಅವಳಿಗಳಿಬ್ಬರು, ಮತ್ತು ಮೋಡಗಳ್ಳ ಎಂದು ಹೆಸರಿಟ್ಟುಕೊಂಡ ಒಬ್ಬ. ಉಳಿದವರೆಲ್ಲ ಮೈಕಿನಲ್ಲಿ ಮಾತಾಡಿದರೆ ಮೋಡಗಳ್ಳ ಒಂದು ದಿನವೂ ಮಾತಾಡಿದವನಲ್ಲ. ಹೇಳಬೇಕಾದ್ದನ್ನು ಟೈಪ್ ಮಾಡುತ್ತಿದ್ದ, ಅದೂ ಅಪರೂಪಕ್ಕೆ. ಆ ಐವರಿಗೂ ಒಂದು ಆಸೆ ಇತ್ತು: ದ್ವೀಪದ ಉತ್ತರದ ಹಿಮಸೇತುವೆಯನ್ನು ದಾಟಿ ಆಚೆಯ ಕಣಿವೆಯನ್ನು ನೋಡಬೇಕು. ಸೇತುವೆ ಉದ್ದವಾಗಿತ್ತು, ಚಳಿ ಕೊಲ್ಲುವಂತಿತ್ತು. ನಿಲ್ಲದೆ ನಡೆದರೆ ಮಾತ್ರ ದಾಟಬಹುದಿತ್ತು.

ಹೊರಡುವ ದಿನ ದೊಡ್ಡಕ್ಕ ಗೆಡ್ಡೆಯ ಸೂಪು ಮಾಡಿದಳು. ಒಂದು ಖಾನೆಗೆ ಕೆಂಡಮೆಣಸು, ಇನ್ನೊಂದಕ್ಕೆ ಬಂಡೆಜೇನು. ಮೂರನೆಯದಕ್ಕೆ ಉಪ್ಪುಹರಳು ಹಾಕಬೇಕೆಂದು ಗುಬ್ಬಿ ಹೇಳಿಹೋಗಿದ್ದಳು. ದೊಡ್ಡಕ್ಕ ಉಪ್ಪುಹರಳನ್ನು ಇಟ್ಟಳು, ತೆಗೆದಳು. ಸೇತುವೆಯ ಮೇಲೆ ಶತ್ರುಗಳಿಲ್ಲ, ಗಾಯವಾಗುವ ಭಯವಿಲ್ಲ. ಅಷ್ಟು ದೂರ ಹೋಗುವವರು ರುಚಿಯಾದದ್ದೊಂದನ್ನು ತಿಂದು ಹೋಗಲಿ ಅನ್ನಿಸಿತು. ಮಬ್ಬುಹೂವನ್ನಿಟ್ಟು ಮುಚ್ಚಳ ಮುಚ್ಚಿದಳು.

ಆ ಹೂವನ್ನು ಯಾರೂ ಬಳಸಿರಲಿಲ್ಲವಾದ್ದರಿಂದ ಅದು ಏನು ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಸೇತುವೆಯ ನಟ್ಟನಡುವೆ, ಬಿಳಿ ಗಾಳಿಯೊಳಗೆ, ಐವರೂ ನಡೆಯುತ್ತಲೇ ಬುತ್ತಿ ಬಿಚ್ಚಿ ಸೂಪು ಕುಡಿದರು. ಕುಡಿದದ್ದೇ ತಡ, ಐವರೂ ತಾವಾಗಿಯೇ ಕಾಲು ಮಡಚಿ ಹಿಮದ ಮೇಲೆ ಕೂತರು. ಕಣ್ಣು ಮುಚ್ಚಿದರು. ಮುಖದ ಮೇಲೆ ಒಂದು ಸಣ್ಣ ನಗು ಬಂತು. ಗುಬ್ಬಿ ಎಲ್ಲ ಗುಂಡಿಗಳನ್ನೂ ಒತ್ತಿದಳು, ಯಾರೂ ಏಳಲಿಲ್ಲ. ಅವಳಿಗಳು ಒಬ್ಬರಿಗೊಬ್ಬರು ಬೈದುಕೊಂಡರು. ಹಿಮ ಮಾತ್ರ ನಿಧಾನವಾಗಿ ಬೀಳುತ್ತಾ ಅವರ ಹೆಗಲು ಮುಚ್ಚಿತು, ತಲೆ ಮುಚ್ಚಿತು, ಕೊನೆಗೆ ಆ ಐದು ನಗುಗಳನ್ನೂ ಮುಚ್ಚಿತು. ಎಲ್ಲರೂ ಸತ್ತು, ಸರೋವರದ ದಡದಲ್ಲಿ ಖಾಲಿ ಚೀಲಗಳೊಂದಿಗೆ ಮತ್ತೆ ಹುಟ್ಟಿದರು.

ಗುಬ್ಬಿಗೆ ಮೈಯೆಲ್ಲ ಉರಿದುಹೋಯಿತು. ವಾರಗಟ್ಟಲೆ ಕೂಡಿಹಾಕಿದ್ದೆಲ್ಲ ಹಿಮದಡಿ ಹೋಗಿತ್ತು. "ರುಚಿ ಯಾರಿಗ್ ಬೇಕಾಗಿತ್ತು ಅಕ್ಕಾ?" ಅಂದಳು. ಆಮೇಲೆ, ಅಂದದ್ದು ಯಾರಿಗೆಂದು ನೆನಪಾಗಿ ತುಟಿ ಕಚ್ಚಿಕೊಂಡಳು. ದೊಡ್ಡಕ್ಕ ಮೆಟ್ಟಿಲಿಳಿದು ಹೋದಳು. ಕೆಲವು ದಿನ ಓರಗಿತ್ತಿಯರ ನಡುವೆ ಮಾತುಕತೆಯೆಲ್ಲ ಬಾಗಿಲ ಚಿಲಕ, ನೀರಿನ ನಲ್ಲಿ, ಒಣಗಿದ ಬಟ್ಟೆ ಇಷ್ಟಕ್ಕೇ ನಿಂತಿತು. ದೊಡ್ಡಕ್ಕನ ಗಂಡನಿಗೂ ಮೈದುನನಿಗೂ ಏನಾಗಿದೆಯೆಂದೇ ತಿಳಿಯಲಿಲ್ಲ. ಹಿಮದಲ್ಲಿ ಕೂತದ್ದಕ್ಕೆ ಜಗಳ ಎಂದು ಹೇಳಿದರೆ ಅವರಿಗೆ ತಿಳಿಯುವಂತೆಯೂ ಇರಲಿಲ್ಲ.

ಮೊದಲು ಸೋತವಳು ಗುಬ್ಬಿ. ಒಂದು ಮಧ್ಯಾಹ್ನ ಇಳಿದುಬಂದು, ನಿನಗೆ ಯಾರೋ ಏನೋ ಬರೆದಿದ್ದಾರೆ ಎಂದು ಗೋಡೆ ನೋಡಿಕೊಂಡು ಹೇಳಿದಳು. ಬರೆದವನು ಮೋಡಗಳ್ಳ. ಅವನು ದಡದಲ್ಲಿ, ಆರಿದ ಒಲೆಯ ಪಕ್ಕ, ಒಬ್ಬನೇ ಕೂತಿದ್ದ. ಸೌಟಮ್ಮ ಬಂದದ್ದನ್ನು ಕಂಡು ಹೀಗೆ ಬರೆದ: ಅವತ್ತು ಸೇತುವೆ ಮೇಲೆ ಕುಡಿದ ಸೂಪು ಹೇಗಿತ್ತು ಅಂತ ಹೇಳ್ತೀರಾ? ಅದರ ರುಚಿ ಏನು?

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು ದೊಡ್ಡಕ್ಕ. ಅವನು ಬಿಡಿಬಿಡಿಯಾಗಿ, ಒಂದೊಂದೇ ಸಾಲು ಬರೆಯುತ್ತಾ ಹೋದ. ಗಂಟಲಿನ ಆಪರೇಷನ್ ಆಗಿದೆ. ಮಾತಿಲ್ಲ. ಬಾಯಿಂದ ತಿಂದು ತಿಂಗಳುಗಳಾದವು, ಹೊಟ್ಟೆಗೆ ನಳಿಕೆಯಲ್ಲಿ ಊಟ ಹೋಗುತ್ತದೆ. ಈ ದ್ವೀಪದಲ್ಲಿ ಮಾತ್ರ ತಾನು ತಿನ್ನುವುದು. ತಿಂದು ಕಣ್ಣು ಮುಚ್ಚಿ ಕೂತದ್ದು ಅವತ್ತೇ ಮೊದಲು.

ದೊಡ್ಡಕ್ಕನ ಆಸ್ಪತ್ರೆಯಲ್ಲಿ ಈ ನಳಿಕೆಯ ಊಟಕ್ಕೆ ಬಾಟಲಿ ಊಟ ಎನ್ನುತ್ತಿದ್ದರು. ನುಣ್ಣಗೆ ಅರೆದು, ಸೋಸಿ, ಬಾಟಲಿಗೆ ತುಂಬಿ, ಹಾಸಿಗೆಯ ನಂಬರಿನ ಚೀಟಿ ಅಂಟಿಸಿ ಕಳಿಸುವುದು. ಎಷ್ಟೋ ವರ್ಷ ಅವಳೇ ತುಂಬಿಸಿದ್ದಳು. ಆ ಪಾತ್ರೆಯ ಹಬೆಗೆ ಮಾತ್ರ ಅವಳೆಂದೂ ಮುಖವೊಡ್ಡಿರಲಿಲ್ಲ.

ಟೈಪ್ ಮಾಡಲು ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಗುಬ್ಬಿಯಿಂದ ಮೈಕು ಇಸಿದುಕೊಂಡು, ಮೊದಲು ಗಂಟಲು ಸರಿಮಾಡಿಕೊಂಡಳು. ತನಗೂ ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು? ಪರದೆಯ ಮೇಲೆ ಸಂಜೆಯಾಗುತ್ತಿತ್ತು. ಮಂಜಿನೊಳಗೆ ಒಂದೊಂದೇ ದೋಣಿ ದೀಪ ಹಚ್ಚಿಕೊಳ್ಳುತ್ತಿತ್ತು.

"ಮೊದ್ಲು ಏನೂ ಇರಲ್ಲ," ಅಂದಳು. "ಬರೀ ಬಿಸಿ. ಗೆಡ್ಡೆ ಬೆಂದಿರೋ ಸಿಹಿ ಇರತ್ತಲ್ಲ, ಅದು ನಾಲಿಗೆ ಮೇಲೆ ಹಂಗೇ ಕೂರತ್ತೆ. ಹೂವು ಆಮೇಲೆ ಬರತ್ತೆ, ನುಂಗಿದ ಮೇಲೆ. ಕಿತ್ತಳೆ ಸುಲಿದು ಕೈ ತೊಳ್ಕೊಂಡ್ರೂ ಬೆರಳಲ್ಲಿ ಒಂಚೂರು ಉಳಿಯತ್ತಲ್ಲ... ಅಷ್ಟೇ, ಅಷ್ಟು ಸಣ್ಣಗೆ. ಜೊತೆಗೆ ಈಗತಾನೆ ಇಸ್ತ್ರಿ ಮಾಡಿದ ಬಟ್ಟೆ ಮುಖಕ್ಕೆ ಹಿಡ್ಕೊಂಡಂಗೆ."

ಹೇಳುತ್ತಿದ್ದಂತೆ ಅವಳಿಗೆ ವಿಚಿತ್ರವಾದದ್ದೊಂದು ಆಯಿತು. ಕಿತ್ತಳೆ ಎಂದಾಗ ಕಿತ್ತಳೆಯ ವಾಸನೆ ಬರಲಿಲ್ಲ. ಆದರೆ ಅದು ಇರುತ್ತಿದ್ದ ಜಾಗ ಮೂಗಿನ ಹಿಂದೆ ಎಲ್ಲೋ ತೆರೆದುಕೊಂಡಿತು, ಖಾಲಿ ಕೋಣೆಯ ಬಾಗಿಲು ತೆರೆದ ಹಾಗೆ. ಒಳಗೆ ಏನೂ ಇಲ್ಲ, ಆದರೆ ಕೋಣೆ ಇದೆ. ಇಷ್ಟು ದಿನ ಕೋಣೆಯೇ ಬಿದ್ದುಹೋಗಿದೆಯೆಂದು ಅವಳು ತಿಳಿದಿದ್ದಳು.

ಮೋಡಗಳ್ಳ, ನಾಳೆ ಮೀನು, ಎಂದು ಬರೆದು ಹೋದ. ಹಿಂದೆ ನಿಂತಿದ್ದ ಗುಬ್ಬಿ ಮೂಗು ಒರೆಸಿಕೊಂಡು, ಕಣ್ಣಿಗೆ ದೂಳು ಬಿತ್ತು ಅಂದಳು. ಮೂಗಿಗೂ ಕಣ್ಣಿಗೂ ಏನು ಸಂಬಂಧ ಎಂದು ದೊಡ್ಡಕ್ಕ ಕೇಳಿದ್ದಕ್ಕೆ ಇಬ್ಬರೂ ನಗಲು ಶುರುಮಾಡಿ, ನಿಲ್ಲಿಸಲಾಗದೆ ಹೊಟ್ಟೆ ಹಿಡಿದುಕೊಂಡರು.

ಹಾಗೆ ದಿನಕ್ಕೊಂದು ಅಡುಗೆ ನಡೆಯಿತು. ದೊಡ್ಡಕ್ಕ ಮೂರು ಖಾನೆಗಳಲ್ಲಿ ಏನಿಡುವುದೆಂದು ಆರಿಸುವಾಗ ಗುಣ ನೋಡುತ್ತಿರಲಿಲ್ಲ, ಕತೆ ನೋಡುತ್ತಿದ್ದಳು. ಒಂದರಲ್ಲಿ ಮಬ್ಬುಹೂವು ಯಾವಾಗಲೂ ಇರುತ್ತಿತ್ತು. ಮೋಡಗಳ್ಳ ತಿಂದು, ಕಣ್ಣು ಮುಚ್ಚಿ, ಮುಗುಳ್ನಕ್ಕು ಕೂರುತ್ತಿದ್ದ, ಅವಳು ಹೇಳುತ್ತಿದ್ದಳು. ಒಲೆಯ ಸುತ್ತ ನಿಧಾನಕ್ಕೆ ಗೊತ್ತಿಲ್ಲದವರೂ ಬಂದು ಕೂರತೊಡಗಿದರು. ಕತ್ತಿ ಕೆಳಗಿಟ್ಟ ದೈತ್ಯರು, ರೆಕ್ಕೆ ಮಡಿಸಿದವರು, ನರಿಯ ತಲೆಯವರು. ಎಲ್ಲರೂ ಸೂಪು ಕುಡಿದು ಕಣ್ಣು ಮುಚ್ಚಿ ಸಾಲಾಗಿ ಕೂತರೆ, ಮಂಜು ಅವರ ನಡುವೆ ಹಾದುಹೋಗುತ್ತಿತ್ತು. ಸೌಟಮ್ಮನ ದನಿ ಯಾವ ಯಾವ ಊರಿನ ಯಾವ ಯಾವ ಕೋಣೆಗಳಲ್ಲಿ ಕೇಳುತ್ತಿತ್ತೋ ಅವಳಿಗೆ ಗೊತ್ತಿರಲಿಲ್ಲ.

ಒಂದು ದಿನ ಮೋಡಗಳ್ಳ ಹೊಸ ಸುದ್ದಿ ತಂದ. ಮುಂದಿನ ವಾರದಿಂದ ಬಾಯಿಗೆ ಚಮಚದಲ್ಲಿ ಕೊಟ್ಟು ನೋಡಬಹುದು ಎಂದಿದ್ದಾರಂತೆ ಡಾಕ್ಟರು. ನುಣ್ಣಗಿರಬೇಕು, ಉಪ್ಪು ಬೇಡ, ಖಾರ ಬೇಡ, ಹುಳಿಯಂತೂ ಬೇಡವೇ ಬೇಡ. ಮೊದಲನೆಯದು ನಿಮ್ಮದೇ ಆಗಿರಲಿ, ಏನು ಹಾಕಿ ಮಾಡಿಸಲಿ ಹೇಳಿ, ಡಾಕ್ಟರಿಗೆ ತೋರಿಸಿ ಒಪ್ಪಿಸುತ್ತೇನೆ ಎಂದು ಬರೆದ.

ಈ ಪಾತ್ರೆ ಆಟದ್ದಾಗಿರಲಿಲ್ಲ. ಅದರಲ್ಲಿ ಖಾನೆಗಳೇ ಇರಲಿಲ್ಲ, ಬೇಡ ಎಂಬ ಮಾತುಗಳಷ್ಟೇ ಇದ್ದವು. ಮಾರನೆಯ ದಿನ ಕೆಲಸ ಮುಗಿದ ಮೇಲೆ ದೊಡ್ಡಕ್ಕ ಮೇಲ್ವಿಚಾರಕಿಯ ಹತ್ತಿರ ಹೋಗಿ, ಮೂಲೆಯ ಚಿಕ್ಕ ಒಲೆಯನ್ನು ಸ್ವಲ್ಪ ಹೊತ್ತು ಬಿಟ್ಟುಕೊಡಿ ಎಂದು ಕೇಳಿಕೊಂಡಳು. ಕಾರಣವನ್ನೂ ಹೇಳಿದಳು. ಮೇಲ್ವಿಚಾರಕಿ ಅವಳ ಮುಖ ನೋಡಿ, ಕ್ಯಾರೆಟ್ಟೂ ಆಲೂಗಡ್ಡೆಯೂ ತಾನೇ ತೆಗೆದುಕೊಟ್ಟಳು.

ರುಚಿ ನೋಡಲು ಒಂದು ನಾಲಿಗೆ ಬೇಕಿತ್ತು. ಆ ಹೊತ್ತಿನಲ್ಲಿ ಅಲ್ಲಿ ಉಳಿದಿದ್ದವಳು ಪಾತ್ರೆ ತೊಳೆಯುವ ಹೆಂಗಸೊಬ್ಬಳೇ. ಬೆಳಿಗ್ಗೆ ಬಂದಾಗ ಶುರುವಾದ ಮಾತು ಹೋಗುವವರೆಗೂ ನಿಲ್ಲದ್ದರಿಂದ ಅವಳಿಗೆ ರೇಡಿಯೋ ಎಂದು ಹೆಸರು ಬಿದ್ದಿತ್ತು. ಆದರೆ ಸೂಪು ಕೊಟ್ಟು ಹೇಗಿದೆ ಎಂದು ಕೇಳಿದರೆ ರೇಡಿಯೋ ಕೆಟ್ಟುಹೋಗುತ್ತಿತ್ತು. ಚೆನ್ನಾಗಿದೆ, ಪರವಾಗಿಲ್ಲ, ಇವೆರಡು ಬಿಟ್ಟು ಮೂರನೆಯ ಮಾತಿಲ್ಲ. ದೊಡ್ಡಕ್ಕ ಬಿಡಲಿಲ್ಲ. ಎಲ್ಲಿ ತಾಗುತ್ತದೆ, ತುದಿಗೋ ಹಿಂದಕ್ಕೋ? ನುಂಗಿದ ಮೇಲೆ ಏನಾದರೂ ಉಳಿಯುತ್ತದೆಯೋ, ಎದ್ದು ಹೋಗುತ್ತದೆಯೋ? ಕೇಳಿ ಕೇಳಿ, ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ ಅರೆದು ಸೇರಿಸಿದ ಮೂರನೆಯ ದಿನ, ರೇಡಿಯೋ ಚಮಚ ಬಾಯಲ್ಲಿಟ್ಟುಕೊಂಡೇ ಯೋಚಿಸಿದಳು.

"ನಮ್ಮತ್ತೆ ಬೈಯೋಕ್ ಮುಂಚೆ ಒಂದ್ ಗಳಿಗೆ ಸುಮ್ನಿರ್ತಾರಲ್ಲ," ಅಂದಳು, "ಹಂಗಿದೆ ದೊಡ್ಡಕ್ಕಾ."

ದೊಡ್ಡಕ್ಕನಿಗೆ ಪೂರ್ತಿ ಅರ್ಥವಾಯಿತು. ಎಲ್ಲ ಸಿದ್ಧವಾಗಿದೆ, ಬರಬೇಕಾದ್ದು ಬಂದಿಲ್ಲ. ಕಪಾಟಿನ ಮುಂದೆ ನಿಂತು ಡಬ್ಬಿಗಳನ್ನು ಒಂದೊಂದಾಗಿ ನೋಡಿದಳು. ಚಕ್ಕೆ ಜೋರಾಯಿತು. ಮೆಣಸು ಆಗದು. ಕೊನೆಗೆ ಜಾಯಿಕಾಯಿಯನ್ನು ತೆಗೆದು, ಉಗುರಿನ ಮೇಲೆ ನಿಲ್ಲುವಷ್ಟನ್ನು ತೇದು, ಒಂದು ಸಣ್ಣ ಚೂರು ಬೆಣ್ಣೆಯ ಜೊತೆ ಕದಡಿದಳು. ರೇಡಿಯೋ ಅದನ್ನು ಕುಡಿದು ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು.

ಮೋಡಗಳ್ಳನ ಡಾಕ್ಟರು ಒಪ್ಪಿದರು. ಅವನ ಅಕ್ಕ ಮನೆಯಲ್ಲಿ ಮಾಡಿಕೊಟ್ಟಳಂತೆ. ಅವತ್ತು ಮಧ್ಯಾಹ್ನ ಇಡೀ ಗುಂಪು ಸರೋವರದ ದಡದಲ್ಲಿ ಕಾದಿತ್ತು. ಅವಳಿಗಳೂ ಜಗಳ ನಿಲ್ಲಿಸಿ ಕೂತಿದ್ದರು. ಮೋಡಗಳ್ಳ ತಡವಾಗಿ ಬಂದ.

ರುಚಿ ಏನೂ ಗೊತ್ತಾಗಲಿಲ್ಲ, ಎಂದು ಬರೆದ. ದೊಡ್ಡಕ್ಕ ಮೈಕು ಕೆಳಗಿಟ್ಟಳು. ಅಷ್ಟರಲ್ಲಿ ಇನ್ನೊಂದು ಸಾಲು ಬಂತು: ಬೆಚ್ಚಗಿತ್ತು. ಒಳಗೆ ಇಳಿಯೋದು ಗೊತ್ತಾಯ್ತು. ನಾಳೆ ಮತ್ತೆ.

ನಾಳೆಯೂ ಕುಡಿದ, ನಾಡಿದ್ದೂ ಕುಡಿದ. ಕೆಲವು ವಾರಗಳಾದ ಮೇಲೆ ಒಂದು ದಿನ, ಜಾಯಿಕಾಯಿ ಜಾಸ್ತಿಯಾಯಿತೆಂದು ಅಕ್ಕನ ಮೇಲೆ ದೂರು ಬರೆದ. ದೊಡ್ಡಕ್ಕ ಆ ದೂರನ್ನು ಗುಬ್ಬಿಯಿಂದ ಎರಡು ಸಲ ಓದಿಸಿ ಕೇಳಿದಳು.

ಹಿಮಸೇತುವೆಯನ್ನು ಅವರು ಕೊನೆಗೂ ದಾಟಿದರು. ಆ ಸಲ ದೊಡ್ಡಕ್ಕ ಗುಬ್ಬಿ ಹೇಳಿದ್ದನ್ನೇ ಚಾಚೂ ತಪ್ಪದೆ ಖಾನೆಗಳಲ್ಲಿಟ್ಟಳು. ಹೂವಿನ ಸೂಪನ್ನು ಬೇರೆ ಪಾತ್ರೆಯಲ್ಲಿ ಹೊತ್ತು ತಂದಳು. ಆಚೆಯ ಕಣಿವೆಯಲ್ಲಿ ನಿಧಿಯಿಲ್ಲ, ಶತ್ರುವಿಲ್ಲ. ಮೊಣಕಾಲೆತ್ತರದ ಬೆಳ್ಳನೆಯ ಹುಲ್ಲು, ಅದರ ಮೇಲೆ ಓಡಾಡುವ ಮೋಡದ ನೆರಳು. ಅವಳಿಗಳು ಇಷ್ಟೇನಾ ಎಂದು ಮೂಗು ಮುರಿದರು. ಐವರೂ ಸೂಪು ಕುಡಿದು ಹುಲ್ಲಿನಲ್ಲಿ ಕೂತರು. ಅಲ್ಲಿಯ ಸೂರ್ಯ ಮುಳುಗಿದ, ಎದ್ದ, ಮತ್ತೆ ಮುಳುಗಿದ. ದೊಡ್ಡಕ್ಕ ಅವತ್ತು ರುಚಿಯ ಬಗ್ಗೆ ಏನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಆಮೇಲೆ ಮೋಡಗಳ್ಳ ಬರುವುದು ಕಡಿಮೆಯಾಯಿತು. ಅವನು ಮಕ್ಕಳಿಗೆ ಈಜು ಕಲಿಸುವವನಂತೆ, ಕೆಲಸಕ್ಕೆ ಮರಳಿದ್ದ. ಸೀಟಿ ಊದಲು ಇನ್ನೂ ಆಗಲ್ಲ, ಕೈ ಬೀಸಿ ಕರೀತೀನಿ, ಎಂದು ಒಮ್ಮೆ ಬರೆದಿದ್ದ.

ದೊಡ್ಡಕ್ಕನ ಮೂಗು ಮರಳಿದೆ ಎನ್ನುವಂತಿಲ್ಲ. ಯಾವಾಗಲೋ ಒಮ್ಮೆ, ಬಸ್ಸಿನ ಕಿಟಕಿಯಿಂದ, ಹಸಿ ಸಿಮೆಂಟಿನದೋ ಏನೋ ಒಂದು ಎಳೆ ಬಂದು ಹೋಗುತ್ತದೆ. ಹಿಡಿಯಲು ಹೋದರೆ ಇಲ್ಲ. ಆದರೆ ಮೇಲ್ವಿಚಾರಕಿ ಅವಳನ್ನು ಮತ್ತೆ ಒಲೆಯ ಕಡೆ ಕರೆದಳು. ಮೊದಲು ಪಥ್ಯದ ಸೂಪು ಒಂದನ್ನೇ ಒಪ್ಪಿಸಿದಳು, ಆಮೇಲೆ ಬಾಟಲಿ ಊಟವನ್ನೂ. ಸೀಯುವ ವಾಸನೆ ಬಂದರೆ ಕೂಗಲು, ಚಮಚ ಹಿಡಿಯಲು, ರೇಡಿಯೋ ಪಕ್ಕದಲ್ಲೇ ಇರುತ್ತಾಳೆ. ಅವಳ ಮಾತಿಗೆ ಈಗ ಅಡುಗೆಮನೆಯಲ್ಲೊಂದು ಕಿಮ್ಮತ್ತು ಬಂದಿದೆ. ಬಾಟಲಿಗೆ ತುಂಬುವ ಮೊದಲು ಆ ಪಾತ್ರೆಯಿಂದಲೂ ಒಂದು ಚಮಚ ರೇಡಿಯೋಗೆ ಹೋಗುತ್ತದೆ. ಯಾರಿಗೂ ರುಚಿ ಹತ್ತದ ಊಟಕ್ಕೆ ಇದೇಕೆ ಎಂದು ಹೊಸ ನರ್ಸೊಬ್ಬಳು ಕೇಳಿದ್ದಳು. ದೊಡ್ಡಕ್ಕ ನಕ್ಕಳು.

ಇವತ್ತು ಬೆಳಿಗ್ಗೆ ಕುಂಬಳಕಾಯಿ ಬೇಯುತ್ತಿತ್ತು. ರೇಡಿಯೋ ಚಮಚ ಚಪ್ಪರಿಸಿ, ಏನೋ ಒಂದು ಕಮ್ಮಿ ಅಂದಳು. ಏನು ಎಂದರೆ, ಗೊತ್ತಿಲ್ಲ, ಮನೆಗೆ ಯಾರೋ ಬರ್ತೀನಿ ಅಂದು ಇನ್ನೂ ಬಂದಿಲ್ಲ, ಹಂಗೆ, ಅಂದಳು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹಬೆ ಬೆಳ್ಳಗೆ ಸುತ್ತುತ್ತಿತ್ತು. ದೊಡ್ಡಕ್ಕ ಕೈ ಒರೆಸಿಕೊಂಡು ಕಪಾಟಿನ ಬಾಗಿಲು ತೆರೆದಳು, ಡಬ್ಬಿಗಳನ್ನು ನೋಡುತ್ತಾ ನಿಂತಳು.